ಒಣಹಳ್ಳದ ಅಗ್ನಿಬಾಣ

೧

ಯಾವ ದೊಡ್ಡ ವಿದ್ಯೆಯ ಚರಿತ್ರೆಯನ್ನು ತೆರೆದು ನೋಡಿದರೂ ಅದರ ಮೊದಲ ಪುಟಗಳಲ್ಲಿ ಸಿರಿವಂತಿಕೆಗಿಂತ ಹಟವೇ ಹೆಚ್ಚಾಗಿ ಕಾಣುವುದುಂಟು. ಇಂದು ಗ್ರಹಗಳನ್ನು ಮುಟ್ಟಿ ಬರುವ ರಾಕೆಟ್ಟುಗಳ ಹಿಂದೆ ಸರಕಾರಗಳ ಬೊಕ್ಕಸವೂ ಸಾವಿರಾರು ಮಂದಿ ಇಂಜಿನಿಯರರ ದುಡಿಮೆಯೂ ಇರುವುದಷ್ಟೆ. ಆದರೆ ಈ ಮಹಾವೃಕ್ಷದ ಒಂದು ಮುಖ್ಯವಾದ ಬೇರನ್ನು ಹುಡುಕುತ್ತ ಹೋದರೆ ನಾವು ತಲುಪುವುದು ಅರಮನೆಯನ್ನೂ ಅಲ್ಲ, ಸೇನೆಯ ಶಿಬಿರವನ್ನೂ ಅಲ್ಲ. ಅಮೆರಿಕದ ಕ್ಯಾಲಿಫೋರ್ನಿಯ ಪ್ರಾಂತದ ಪ್ಯಾಸಡೀನ ಎಂಬ ಊರಿನ ಬದಿಯಲ್ಲಿರುವ ಒಂದು ಒಣಗಿದ ಹಳ್ಳವನ್ನು. ಅದರ ಹೆಸರು ಅರೋಯೊ ಸೆಕೊ. ಸ್ಪ್ಯಾನಿಷ್ ಭಾಷೆಯಲ್ಲಿ ಆ ಮಾತಿಗೆ ಒಣಹಳ್ಳವೆಂದೇ ಅರ್ಥ. ೧೯೩೬ರಲ್ಲಿ ಅಲ್ಲಿ ಕೆಲವು ವಿದ್ಯಾರ್ಥಿಗಳೂ ಅವರ ಗೆಳೆಯರೂ ಸೇರಿ ದ್ರವ ಇಂಧನದಿಂದ ಉರಿಯುವ ಒಂದು ರಾಕೆಟ್ ಯಂತ್ರವನ್ನು ಹೊತ್ತಿಸಲು ಯತ್ನಿಸಿದರು. ಆ ಯತ್ನದ ಕಥೆಯನ್ನು ನಮ್ಮ ಪತ್ರಿಕೆಯ ವಾಚಕರ ಮುಂದೆ ಇಡುವುದು ಈ ಲೇಖನದ ಉದ್ದೇಶ.

ರಾಕೆಟ್ಟೆಂಬುದು ಕನ್ನಡಿಗರಿಗೆ ತೀರ ಹೊಸದಾದ ವಸ್ತುವೇನಲ್ಲ. ಹೈದರಾಲಿ ಮತ್ತು ಟಿಪ್ಪು ಸುಲ್ತಾನರ ಮೈಸೂರು ಸೈನ್ಯವು ಕಬ್ಬಿಣದ ಕೊಳವೆಗಳಲ್ಲಿ ಮದ್ದು ತುಂಬಿದ ಬಾಣಗಳನ್ನು ೧೭೮೦ರ ಪೊಳ್ಳಿಲೂರು ಕಾಳಗದಲ್ಲಿಯೂ ಅನಂತರದ ಯುದ್ಧಗಳಲ್ಲಿಯೂ ಪ್ರಯೋಗಿಸಿತು. ೧೭೯೯ರಲ್ಲಿ ಶ್ರೀರಂಗಪಟ್ಟಣವು ಬಿದ್ದ ಮೇಲೆ ಅಂಥ ಬಾಣಗಳು ಇಂಗ್ಲೆಂಡಿಗೆ ಹೋದುವು. ಅವುಗಳನ್ನು ಕಂಡು ವಿಲಿಯಂ ಕಾಂಗ್ರೀವ್ ಎಂಬಾತನು ತನ್ನ ಬಾಣಗಳನ್ನು ರೂಪಿಸಿದನು. ೨೦೧೮ರಲ್ಲಿ ಶಿವಮೊಗ್ಗ ಜಿಲ್ಲೆಯ ನಗರದ ಪಾಳುಬಾವಿಯೊಂದರಲ್ಲಿ ಈ ತರದ ಸಾವಿರಕ್ಕೂ ಮಿಕ್ಕ ಬಾಣಗಳು ದೊರೆತ ಸುದ್ದಿಯನ್ನು ವಾಚಕರು ಓದಿರಬಹುದು. ಆದರೆ ಅವೆಲ್ಲವೂ ಮದ್ದಿನ ಬಾಣಗಳು. ದ್ರವ ಇಂಧನದ ಬಾಣದ ವಂಶವೇ ಬೇರೆ. ಅದರ ಕಷ್ಟಗಳೂ ಬೇರೆ.

೨

ಮದ್ದಿನ ಬಾಣಕ್ಕೆ ಒಮ್ಮೆ ಬೆಂಕಿ ಮುಟ್ಟಿಸಿದ ಮೇಲೆ ಅದು ನಮ್ಮ ಕೈಯಲ್ಲಿ ಉಳಿಯುವುದಿಲ್ಲ. ಅದನ್ನು ಕಡಿಮೆ ಮಾಡುವಂತಿಲ್ಲ, ನಿಲ್ಲಿಸುವಂತಿಲ್ಲ. ಅಲ್ಲದೆ ಅಂದಿನ ಮದ್ದಿನಲ್ಲಿ ತೂಕಕ್ಕೆ ತಕ್ಕಷ್ಟು ಶಕ್ತಿಯೂ ಇರಲಿಲ್ಲ. ದ್ರವದ ಬಾಣದಲ್ಲಿ ಉರಿಯುವ ಎಣ್ಣೆ ಒಂದು ತೊಟ್ಟಿಯಲ್ಲಿಯೂ ಉರಿಸುವ ಆಮ್ಲಜನಕ ಇನ್ನೊಂದು ತೊಟ್ಟಿಯಲ್ಲಿಯೂ ಇರುತ್ತವೆ. ಎರಡೂ ಒತ್ತಡದಿಂದ ನುಗ್ಗಿ ಒಂದು ಗಟ್ಟಿಯಾದ ಕೋಣೆಯಲ್ಲಿ ಕಲೆತು ಉರಿಯುತ್ತವೆ. ಆ ಉರಿಯ ಅನಿಲವು ಕಿರಿದಾದ ಕಂಠದ ಮೂಲಕ ಹಿಂದಕ್ಕೆ ಚಿಮ್ಮುತ್ತದೆ. ಆಗ ಬಾಣವು ಮುಂದಕ್ಕೆ ಹೋಗುತ್ತದೆ. ನಮ್ಮ ಹಿರಿಯರ ಅಡಿಗೆಮನೆಗಳಲ್ಲಿದ್ದ ಸೀಮೆಎಣ್ಣೆಯ ಪಂಪು ಒಲೆಯನ್ನು ನೆನೆದರೆ ಇದರ ಅರ್ಧ ಮರ್ಮ ತಿಳಿಯುತ್ತದೆ. ಅಲ್ಲಿಯೂ ಗಾಳಿಯ ಒತ್ತಡವೇ ಎಣ್ಣೆಯನ್ನು ಮೇಲಕ್ಕೆ ತಳ್ಳಿ ಸಣ್ಣ ರಂಧ್ರದಿಂದ ಹೊರಡಿಸುವುದು. ಆದರೆ ಒಲೆಗೆ ಸುತ್ತಲಿನ ಗಾಳಿ ಬೇಕು. ಬಾಣವು ತನ್ನ ಉಸಿರನ್ನು ತಾನೇ ಹೊತ್ತು ಹೋಗುವುದರಿಂದ ಗಾಳಿಯಿಲ್ಲದ ಎತ್ತರದಲ್ಲಿಯೂ ಅದಕ್ಕೆ ತಡೆಯಿಲ್ಲ.

ಈ ತತ್ತ್ವವನ್ನು ಗಣಿತದಿಂದ ತೋರಿಸಿದವನು ರಷ್ಯದ ಕಲೂಗ ಎಂಬ ಊರಿನ ಶಾಲಾ ಉಪಾಧ್ಯಾಯನಾದ ಕಾನ್ಸ್ಟಂಟೀನ್ ತ್ಸಿಯೊಲ್ಕೊವ್ಸ್ಕಿ. ಅವನ ಪ್ರಬಂಧವು ಪ್ರಕಟವಾದುದು ೧೯೦೩ರಲ್ಲಿ. ಅಂಥ ಬಾಣವನ್ನು ಮೊದಲು ಹಾರಿಸಿ ತೋರಿಸಿದವನು ಅಮೆರಿಕದ ಪ್ರಾಧ್ಯಾಪಕ ರಾಬರ್ಟ್ ಗಾಡರ್ಡ್. ೧೯೨೬ನೆಯ ಮಾರ್ಚ್ ೧೬ರಂದು ಮ್ಯಾಸಚೂಸೆಟ್ಸಿನ ಆಬರ್ನ್ ಎಂಬಲ್ಲಿ ಅವನ ಬಾಣವು ಪೆಟ್ರೋಲು ಮತ್ತು ದ್ರವರೂಪದ ಆಮ್ಲಜನಕದಿಂದ ಉರಿದು, ಎರಡೂವರೆ ಸೆಕೆಂಡುಗಳ ಕಾಲ ಹಾರಿ, ೪೧ ಅಡಿ ಎತ್ತರ ಏರಿತು. ಮನೆಯ ಮಾಡಿಗಿಂತ ಸ್ವಲ್ಪ ಮೇಲೆ ಎನ್ನೋಣ. ಆದರೆ ವೃತ್ತಪತ್ರಿಕೆಗಳು ಅದಕ್ಕೂ ಮೊದಲೇ, ೧೯೨೦ರಲ್ಲಿ, ಅವನ ವಿಚಾರಗಳನ್ನು ಪರಿಹಾಸ ಮಾಡಿದ್ದುವು. ಅಂದಿನಿಂದ ಅವನು ತನ್ನ ಕೆಲಸವನ್ನು ಆದಷ್ಟು ಗುಟ್ಟಾಗಿಯೇ ನಡೆಸಿದನು. ರಾಕೆಟ್ ಎಂಬ ಮಾತು ವಿದ್ವಾಂಸರ ನಡುವೆ ನಗೆಪಾಟಲಾಗಿದ್ದ ಕಾಲವದು.

೩

ಇಂಥ ಕಾಲದಲ್ಲಿ ಕ್ಯಾಲಿಫೋರ್ನಿಯ ತಾಂತ್ರಿಕ ವಿದ್ಯಾಸಂಸ್ಥೆಯ ವಿಮಾನಶಾಸ್ತ್ರದ ಪ್ರಯೋಗಶಾಲೆಯಲ್ಲಿ ಫ್ರಾಂಕ್ ಮಲಿನ ಎಂಬ ತರುಣನು ವ್ಯಾಸಂಗ ಮಾಡುತ್ತಿದ್ದನು. ಅವನು ಹುಟ್ಟಿದುದು ೧೯೧೨ರಲ್ಲಿ, ಟೆಕ್ಸಾಸಿನ ಬ್ರೆನಂ ಎಂಬಲ್ಲಿ. ತಂದೆತಾಯಿಗಳು ಸಂಗೀತಗಾರರು; ಮೊರಾವಿಯದ ಮೂಲದವರು. ಅವನು ಬಾಲಕನಾಗಿದ್ದಾಗ ಸಂಸಾರವು ಕೆಲವು ವರ್ಷ ಚೆಕೊಸ್ಲೊವಾಕಿಯಕ್ಕೆ ಮರಳಿ ಹೋಗಿ ನೆಲಸಿತ್ತು. ಅಲ್ಲಿ ಇದ್ದಾಗ, ಹನ್ನೆರಡು ವರ್ಷದ ಹುಡುಗನಾಗಿ, ಅವನು ಜೂಲ್ ವರ್ನ್ ಬರೆದ ಚಂದ್ರಯಾನದ ಕಾದಂಬರಿಯನ್ನು ಓದಿದನು. ಮೂಲವು ಫ್ರೆಂಚ್ ಭಾಷೆಯದು; ಅವನು ಓದಿದುದು ಚೆಕ್ ಭಾಷೆಯ ಅನುವಾದವನ್ನು. ಈ ಒಂದು ಸಂಗತಿಯನ್ನು ವಾಚಕರು ನೆನಪಿನಲ್ಲಿ ಇಡಬೇಕು.

೧೯೩೫ರ ಮಾರ್ಚಿಯಲ್ಲಿ ಅದೇ ಸಂಸ್ಥೆಯ ವಿಲಿಯಂ ಬೊಲ್ಲೇ ಎಂಬ ವಿದ್ಯಾರ್ಥಿಯು ವಿಯೆನ್ನದ ಯೂಜೆನ್ ಜೇಂಗರನು ಕಲ್ಪಿಸಿದ ರಾಕೆಟ್ ವಿಮಾನವನ್ನು ಕುರಿತು ಒಂದು ಭಾಷಣ ಮಾಡಿದನು. ಊರಿನ ಪತ್ರಿಕೆಗಳಲ್ಲಿ ಅದರ ವರದಿ ಬಂದಿತು. ಅದನ್ನು ಓದಿ ಇಬ್ಬರು ತರುಣರು ಸಂಸ್ಥೆಯ ಬಾಗಿಲಿಗೆ ಬಂದರು. ಒಬ್ಬನು ಜಾನ್ ಪಾರ್ಸನ್ಸ್. ರಸಾಯನದಲ್ಲಿ ಸ್ವಂತ ಪರಿಶ್ರಮದಿಂದ ನುರಿತವನು, ಸ್ಫೋಟಕಗಳ ಗುಣವನ್ನು ಬಲ್ಲವನು, ಕಾಲೇಜಿನ ಪದವಿಯಿಲ್ಲದವನು. ಇನ್ನೊಬ್ಬನು ಅವನ ಬಾಲ್ಯದ ಗೆಳೆಯ ಎಡ್ವರ್ಡ್ ಫೋರ್ಮನ್. ಯಂತ್ರಗೆಲಸದಲ್ಲಿ ಕೈಚಳಕವುಳ್ಳವನು, ಅವನಿಗೂ ಪದವಿಯಿಲ್ಲ. ಇಬ್ಬರೂ ಚಿಕ್ಕಂದಿನಿಂದ ಮದ್ದಿನ ಬಾಣಗಳನ್ನು ಮಾಡಿ ಹಾರಿಸಿದವರು. ಈಗ ದ್ರವದ ಬಾಣವನ್ನು ಮಾಡಬೇಕೆಂಬ ಹಂಬಲ ಅವರದು. ಬೊಲ್ಲೇ ಅವರನ್ನು ಮಲಿನನ ಬಳಿಗೆ ಕಳುಹಿಸಿದನು. ಗಣಿತ ಬಲ್ಲವನೊಬ್ಬ, ಮದ್ದು ಬಲ್ಲವನೊಬ್ಬ, ಲೋಹ ಬಲ್ಲವನೊಬ್ಬ, ಹೀಗೆ ಮೂವರೂ ಕೂಡಿದರು.

ಮಲಿನನು ರಾಕೆಟ್ಟನ್ನೇ ತನ್ನ ಪ್ರಬಂಧದ ವಿಷಯವಾಗಿ ಮಾಡಿಕೊಳ್ಳಬೇಕೆಂದು ಪ್ರಾಧ್ಯಾಪಕ ಕ್ಲಾರ್ಕ್ ಮಿಲಿಕನ್ನರನ್ನು ಕೇಳಿದನು. ಅವರು ಅದಕ್ಕೆ ಒಪ್ಪದೆ, ವಿಮಾನದ ಕಾರ್ಖಾನೆಯಲ್ಲಿ ಒಂದು ಉದ್ಯೋಗವನ್ನು ಹಿಡಿಯುವುದು ಲೇಸೆಂದು ಬುದ್ಧಿ ಹೇಳಿದರು. ಮಲಿನನು ಎದೆಗುಂದದೆ ಪ್ರಯೋಗಶಾಲೆಯ ನಿರ್ದೇಶಕರಾದ ಥಿಯೊಡೋರ್ ಫಾನ್ ಕಾರ್ಮಾನರ ಬಳಿಗೆ ಹೋದನು. ಹಂಗೇರಿಯಲ್ಲಿ ಹುಟ್ಟಿದ ಆ ಮಹಾವಿದ್ವಾಂಸರು ವಿಷಯವನ್ನು ಕೇಳಿ ಅನುಮತಿಯನ್ನಿತ್ತರು. ಪದವಿಯಿಲ್ಲದ ಇಬ್ಬರನ್ನೂ ಕೆಲಸಕ್ಕೆ ಸೇರಿಸಿಕೊಳ್ಳಲು ಒಪ್ಪಿದರು. ಆದರೆ ಹಣ ಮಾತ್ರ ಇಲ್ಲ. ಶಾಲೆಯನ್ನು ನಡೆಸಿದವರಿಗೆಲ್ಲ ಈ ಬಗೆಯ ಅಪ್ಪಣೆಯ ಸ್ವರೂಪ ತಿಳಿದಿರುತ್ತದೆ.

ತಂಡದ ಮೊದಲ ವಿವಾದವೇ ಬಹಳ ಬೋಧಪ್ರದವಾಗಿದೆ. ಪಾರ್ಸನ್ಸ್ ಮತ್ತು ಫೋರ್ಮನ್ನರಿಗೆ ಬೇಗನೆ ಒಂದು ಬಾಣವನ್ನು ಕಟ್ಟಿ ಹಾರಿಸಬೇಕೆಂಬ ಆತುರ. ಮಲಿನನ ಮತವು ಬೇರೆ: ಯಂತ್ರವನ್ನು ಮೊದಲು ನೆಲದ ಮೇಲೆಯೇ ಕಟ್ಟಿಹಾಕಿ ಉರಿಸಿ ಅಳೆಯತಕ್ಕದ್ದು, ಎಷ್ಟು ಎಣ್ಣೆಗೆ ಎಷ್ಟು ನೂಕು ಬರುತ್ತದೆಂಬುದು ಲೆಕ್ಕಕ್ಕೆ ಸಿಕ್ಕಿದ ಮೇಲೆ ಹಾರಿಸುವ ಮಾತು. ಕೊನೆಗೆ ಈ ಮತವೇ ಗೆದ್ದಿತು. ಹಾರಿದ ಬಾಣವು ನೋಡುವವರ ಕಣ್ಣಿಗೆ ಹಬ್ಬ. ಆದರೆ ಅದು ಏಕೆ ಹಾರಿತು, ಏಕೆ ಬಿದ್ದಿತು ಎಂಬುದನ್ನು ಅದು ಹೇಳಲಾರದು. ನೆಲದ ಮೇಲೆ ನಿಂತ ಯಂತ್ರವು ಹೇಳುತ್ತದೆ.

೧೯೩೬ರ ಬೇಸಗೆಯ ಕೊನೆಯಲ್ಲಿ ಮಲಿನನು ನ್ಯೂ ಮೆಕ್ಸಿಕೊದ ರಾಸ್‌ವೆಲ್ಲಿಗೆ ಹೋಗಿ ಗಾಡರ್ಡನನ್ನು ಕಂಡನು. ಗಾಡರ್ಡನು ಸೌಜನ್ಯದಿಂದ ಬರಮಾಡಿಕೊಂಡನಾದರೂ ತನ್ನ ಯಂತ್ರದ ಒಳಗುಟ್ಟನ್ನು ಬಿಟ್ಟುಕೊಡಲಿಲ್ಲ. ನಗೆಯಿಂದ ನೊಂದ ಮನಸ್ಸು ಹಾಗೆ ಮಾಡಿದುದು ಸಹಜವೇ. ತರುಣರು ತಮ್ಮ ದಾರಿಯನ್ನು ತಾವೇ ಹುಡುಕಬೇಕಾಯಿತು.

೪

ದ್ರವರೂಪದ ಆಮ್ಲಜನಕವನ್ನು ಕೂಡಿಡುವುದು ಕಠಿನವಾದುದರಿಂದ ಅವರು ಮೊದಲಿಗೆ ಸಿಲಿಂಡರಿನ ಆಮ್ಲಜನಕ ಅನಿಲವನ್ನೂ ಮಿಥೈಲ್ ಆಲ್ಕೊಹಾಲೆಂಬ ದ್ರವವನ್ನೂ ಆರಿಸಿಕೊಂಡರು. ಉರಿಯುವ ಕೋಣೆ ಕರಗದಂತೆ ಅದರ ಸುತ್ತ ನೀರು ಹರಿಯುವ ಏರ್ಪಾಡು ಮಾಡಿದರು. ಆಲೋಚನೆ ನಡೆದುದು ಆರು ತಿಂಗಳು. ಸಾಮಾನನ್ನು ಕೂಡಿಸಲು ದೊರೆತುದು ಎರಡೇ ದಿನ. ಪಾಠಗಳೂ ಗಾಳಿಸುರಂಗದ ಕೆಲಸವೂ ಇದ್ದುದರಿಂದ ಬೇರೆ ಬಿಡುವಿರಲಿಲ್ಲ. ಶುಕ್ರವಾರವೆಲ್ಲ ಲಾಸ್ ಏಂಜಲಿಸಿಗೆ ಹೋಗಿ ಬಂದು ಸಿಲಿಂಡರುಗಳನ್ನೂ ಮಾಪಕಗಳನ್ನೂ ತಂದರು. ಬೆಳಗಿನ ಜಾವ ಮೂರೂವರೆ ಗಂಟೆಯವರೆಗೆ ಜೋಡಿಸಿ, ಮೂರು ಗಂಟೆ ನಿದ್ದೆ ಮಾಡಿ, ಮರಳಿ ಹೊರಟರು.

ಅಂದು ೧೯೩೬ನೆಯ ಅಕ್ಟೋಬರ್ ೩೧, ಶನಿವಾರ. ಒಣಹಳ್ಳದಲ್ಲಿ ಮಧ್ಯಾಹ್ನದವರೆಗೆ ಅವರು ಸಾಮಾನು ಹೊತ್ತರು, ಗುಂಡಿ ತೋಡಿದರು, ಚೀಲಗಳಿಗೆ ಮರಳು ತುಂಬಿದರು. ಮೂರು ಸಲ ಹೊತ್ತಿಸಲು ಯತ್ನಿಸಿದರು, ಯಂತ್ರ ಹೊತ್ತಲಿಲ್ಲ. ಕಟ್ಟಕಡೆಯ ಯತ್ನದಲ್ಲಿ ಆಮ್ಲಜನಕದ ಕೊಳವೆಗೇ ಬೆಂಕಿ ಹತ್ತಿಕೊಂಡಿತು. ಉರಿಯುವ ಆ ಕೊಳವೆ ಅವರಿಂದ ನಲವತ್ತು ಅಡಿ ದೂರದಲ್ಲಿ ಹೆಡೆಯೆತ್ತಿದ ಹಾವಿನಂತೆ ನೆಲದ ಮೇಲೆ ಹೊರಳಾಡಿತು. ಎಲ್ಲರೂ ದಿಕ್ಕು ಸಿಕ್ಕತ್ತ ಓಡಿದರು. ಆದರೂ ಮಲಿನನು ಮನೆಗೆ ಬರೆದ ಕಾಗದದಲ್ಲಿ ಸೋತೆವೆಂಬ ಮಾತಿಲ್ಲ. ಮುಂದಿನ ಸಲ ಏನು ಮಾಡಬೇಕೆಂಬುದನ್ನು ಈ ಸಲದ ಸಂಗತಿಗಳು ಕಲಿಸುತ್ತವೆ ಎಂಬ ಭಾವವಿದೆ.

ಅವರು ಮತ್ತೆ ಮತ್ತೆ ಅಲ್ಲಿಗೇ ಹೋದರು. ೧೯೩೭ನೆಯ ಜನವರಿ ೧೬ರಂದು ಯಂತ್ರವು ಚದರ ಅಂಗುಲಕ್ಕೆ ೭೫ ಪೌಂಡು ಒತ್ತಡದಲ್ಲಿ ೪೪ ಸೆಕೆಂಡುಗಳ ಕಾಲ ಉರಿಯಿತು. ಮುಕ್ಕಾಲು ನಿಮಿಷಕ್ಕೂ ಕಡಿಮೆ. ಆದರೆ ಆ ಕಾಲದಲ್ಲಿ ಯಂತ್ರವು ಸಿಡಿಯಲಿಲ್ಲ, ಕರಗಲಿಲ್ಲ, ಅಳತೆಗೆ ಸಿಕ್ಕಿತು. ಇದನ್ನು ಕೇಳಿ ಕಾರ್ಮಾನರು ಪ್ರಯೋಗಗಳನ್ನು ಸಂಸ್ಥೆಯ ಪ್ರಯೋಗಶಾಲೆಯಲ್ಲಿಯೇ ನಡೆಸಲು ಅಪ್ಪಣೆಯಿತ್ತರು.

ತಂಡವೂ ಬೆಳೆಯಿತು. ಅಪೊಲೊ ಸ್ಮಿತ್ ಎಂಬ ವಿದ್ಯಾರ್ಥಿಯು ಮೊದಲೇ ಸೇರಿದ್ದನು. ಚೀನ ದೇಶದಿಂದ ಬಂದಿದ್ದ ಚಿಯೆನ್ ಶ್ಯುಯೆಸೆನ್ ಎಂಬ ಗಣಿತನಿಪುಣನು ೧೯೩೭ರಲ್ಲಿ ಕೂಡಿಕೊಂಡನು. ಅದೇ ವರ್ಷ ವೆಲ್ಡ್ ಆರ್ನಲ್ಡ್ ಎಂಬಾತನು ಬಂದು, ತನ್ನನ್ನು ಛಾಯಾಗ್ರಾಹಕನಾಗಿ ಸೇರಿಸಿಕೊಂಡರೆ ಸಾವಿರ ಡಾಲರು ಕೊಡುವೆನೆಂದನು. ದಿನವೂ ಬೈಸಿಕಲ್ಲಿನಲ್ಲಿ ಬರುತ್ತಿದ್ದ ಈ ಮನುಷ್ಯನಲ್ಲಿ ಅಷ್ಟು ಹಣವೆಲ್ಲಿಯದೆಂದು ಎಲ್ಲರಿಗೂ ಸೋಜಿಗ. ಅವನು ಮೊದಲ ಕಂತನ್ನು ಸಣ್ಣ ಸಣ್ಣ ನೋಟುಗಳಲ್ಲಿ ವೃತ್ತಪತ್ರಿಕೆಯಲ್ಲಿ ಸುತ್ತಿ ತಂದುಕೊಟ್ಟನು. ಅದಕ್ಕೂ ಮೊದಲು ಮಲಿನನೂ ಪಾರ್ಸನ್ಸನೂ ಸಿನಿಮಾ ಕಂಪೆನಿಗೆ ಮಾರಬಹುದೆಂದು ಒಂದು ಕಥೆಯನ್ನು ಬರೆಯತೊಡಗಿದ್ದರು. ಆ ಕಥೆಯಿಂದ ಕಾಸು ಹುಟ್ಟಲಿಲ್ಲ.

ಪ್ರಯೋಗಶಾಲೆಯೊಳಗಿನ ವಾಸವು ಹೆಚ್ಚು ಕಾಲ ನಡೆಯಲಿಲ್ಲ. ನೈಟ್ರೊಜನ್ ಡೈಆಕ್ಸೈಡೆಂಬ ಘಾಟು ದ್ರವವನ್ನು ಸಿಲಿಂಡರಿನಿಂದ ತೆಗೆಯುವಾಗ ಕವಾಟ ಸಿಕ್ಕಿಕೊಂಡು ಅದು ಕಾರಂಜಿಯಂತೆ ಚಿಮ್ಮಿ, ರಸಾಯನ ಭವನದ ಮುಂದಿನ ಹುಲ್ಲುಹಾಸು ಕಂದುಗಟ್ಟಿತು. ಇನ್ನೊಮ್ಮೆ ಕಟ್ಟಡದೊಳಗೆ ಲೋಲಕಕ್ಕೆ ತೂಗುಹಾಕಿದ್ದ ಯಂತ್ರವು ಹೊತ್ತದೆ ಅದೇ ದ್ರವದ ಹೊಗೆಯನ್ನು ಕಾರಿತು. ಬೆಲೆಬಾಳುವ ಉಪಕರಣಗಳ ಮೇಲೆಲ್ಲ ತುಕ್ಕು ಕೂತಿತು. ತಂಡವನ್ನು ಕಟ್ಟಡದಿಂದ ಹೊರಗೆ ಹಾಕಿದರು. ಸಹಪಾಠಿಗಳು ಅವರಿಗೆ ಆತ್ಮಹತ್ಯೆಯ ದಳವೆಂದು ಹೆಸರಿಟ್ಟರು. ಆ ಹಾಸ್ಯದಲ್ಲಿ ಸತ್ಯವೂ ಇತ್ತು. ಮುಂದೆ ಒಂದು ದಿನ ಮಲಿನನು ಕಾರ್ಮಾನರ ಮನೆಗೆ ಬೆರಳಚ್ಚಿನ ಯಂತ್ರವನ್ನು ತಲುಪಿಸಲು ಹೋಗಿದ್ದಾಗ ಹೊರಗಿನ ಉಪಕರಣವು ಸಿಡಿಯಿತು. ಅವನು ಕುಳಿತಿರುತ್ತಿದ್ದ ಜಾಗದ ಮರಕ್ಕೆ ಮಾಪಕದ ಚೂರು ನಾಟಿಕೊಂಡಿತ್ತು.

೫

೧೯೩೮ರಲ್ಲಿ ಮಲಿನ ಮತ್ತು ಸ್ಮಿತ್ತರ ಪ್ರಬಂಧವು ಪ್ರಕಟವಾಯಿತು. ವಾಯುಮಂಡಲದ ಮೇಲ್ಭಾಗವನ್ನು ಶೋಧಿಸಲು ಬಾಣವು ಎಷ್ಟು ಎತ್ತರ ಏರಬಲ್ಲುದೆಂಬುದನ್ನು ಅವರು ಅದರಲ್ಲಿ ಲೆಕ್ಕಹಾಕಿದ್ದರು. ಹವಾಮಾನವನ್ನೂ ಆಕಾಶದಿಂದ ಬರುವ ಕಿರಣಗಳನ್ನೂ ಅರಿಯುವುದೇ ಅವರ ಗುರಿ. ಆದರೆ ಹಣವು ಬಂದುದು ಬೇರೆ ದಿಕ್ಕಿನಿಂದ. ವಿಮಾನಗಳು ಚಿಕ್ಕ ಓಡುದಾರಿಯಿಂದ ಮೇಲೇಳುವಂತೆ ರಾಕೆಟ್ಟಿನ ನೂಕನ್ನು ಒದಗಿಸಬಹುದೇ ಎಂದು ಸೈನ್ಯದವರು ಕೇಳಿದರು. ೧೯೩೯ರ ಜನವರಿಯಲ್ಲಿ ಒಂದು ಸಾವಿರ ಡಾಲರೂ ಅದೇ ವರ್ಷ ಮುಂದೆ ಹತ್ತು ಸಾವಿರ ಡಾಲರೂ ದೊರೆತುವು. ರಾಕೆಟ್ ಎಂಬ ಹೆಸರಿಗೆ ಮಾನವಿಲ್ಲದುದರಿಂದ ಅವರು ಅದರ ಬದಲಿಗೆ ಜೆಟ್ ಎಂಬ ಮಾತನ್ನು ಬಳಸಿದರು. ಆ ಸಂಕೋಚದ ಗುರುತು ಜೆಟ್ ಪ್ರೊಪಲ್ಷನ್ ಲ್ಯಾಬೊರೇಟರಿ ಎಂಬ ಹೆಸರಿನಲ್ಲಿ ಇಂದಿಗೂ ಉಳಿದಿದೆ.

ದ್ರವದ ಯಂತ್ರದಲ್ಲಿ ಈಗ ಹೊಸ ತೊಡಕು ಎದುರಾಯಿತು. ಆಮ್ಲಜನಕದ ಬದಲು ಹೊಗೆಯಾಡುವ ನೈಟ್ರಿಕ್ ಆಮ್ಲವನ್ನೂ ಇಂಧನವಾಗಿ ಪೆಟ್ರೋಲನ್ನೂ ಬಳಸಿದಾಗ ಉರಿಯು ಸಮನಾಗಿ ನಿಲ್ಲದೆ ಬಡಿದುಕೊಂಡು ಯಂತ್ರವನ್ನೇ ಒಡೆಯುತ್ತಿತ್ತು. ೧೯೪೨ರ ಫೆಬ್ರವರಿಯಲ್ಲಿ ಮಲಿನನು ಅನ್ನಾಪೊಲಿಸಿನಲ್ಲಿದ್ದ ನೌಕಾಪಡೆಯ ಪ್ರಯೋಗಶಾಲೆಗೆ ಹೋದಾಗ ಅಲ್ಲಿಯವರು ಒಂದು ವಿಷಯವನ್ನು ತಿಳಿಸಿದರು: ಅನಿಲಿನ್ ಎಂಬ ದ್ರವವು ನೈಟ್ರಿಕ್ ಆಮ್ಲವನ್ನು ಸೋಕಿದೊಡನೆ ತಾನಾಗಿಯೇ ಹೊತ್ತಿಕೊಳ್ಳುತ್ತದೆ. ಮಲಿನನು ಕೂಡಲೇ ಪ್ಯಾಸಡೀನದಲ್ಲಿದ್ದ ಮಾರ್ಟಿನ್ ಸಮರ್‌ಫೀಲ್ಡನಿಗೆ ತಂತಿ ಕಳುಹಿಸಿ, ಪೆಟ್ರೋಲಿನ ಬದಲು ಅನಿಲಿನನ್ನು ಹಾಕಿ ನೋಡಲು ತಿಳಿಸಿದನು. ತಿಂಗಳುಗಟ್ಟಲೆ ಕಾಡಿದ ಪೀಡೆ ಅಷ್ಟರಿಂದ ನೀಗಿತು. ಏಪ್ರಿಲ್ ೧೫ರಂದು, ತಲಾ ಸಾವಿರ ಪೌಂಡು ನೂಕುಬಲದ ಎರಡು ದ್ರವಯಂತ್ರಗಳ ನೆರವಿನಿಂದ ಒಂದು ಬಾಂಬರ್ ವಿಮಾನವು ಮುರೋಕ್ ಬಯಲಿನಿಂದ ಮೇಲೆದ್ದಿತು. ಒಬ್ಬನು ಬಚ್ಚಿಟ್ಟ ಅರಿವಿನಿಂದ ಹಿಂದೆ ಎಷ್ಟು ಕಾಲ ಹಾಳಾಯಿತೋ, ಒಬ್ಬನು ಹಂಚಿಕೊಂಡ ಅರಿವಿನಿಂದ ಇಲ್ಲಿ ಅಷ್ಟು ಕಾಲ ಉಳಿಯಿತು.

ಮೊದಲಿನ ಕನಸು ಕೈಗೂಡಿದುದು ೧೯೪೫ನೆಯ ಅಕ್ಟೋಬರ್ ೧೧ರಂದು. ವ್ಯಾಕ್ ಕಾರ್ಪೊರಲ್ ಎಂಬ ಅವರ ದ್ರವಬಾಣವು ವೈಟ್ ಸ್ಯಾಂಡ್ಸ್ ಮರುಭೂಮಿಯಿಂದ ಸುಮಾರು ೭೦ ಕಿಲೋಮೀಟರು ಎತ್ತರಕ್ಕೆ ಏರಿತು. ಒಣಹಳ್ಳದಲ್ಲಿ ಕೊಳವೆಗೆ ಬೆಂಕಿ ಹತ್ತಿ ಓಡಿಹೋದ ದಿನದಿಂದ ಅಂದಿಗೆ ಒಂಬತ್ತು ವರ್ಷ ತುಂಬಲು ಇಪ್ಪತ್ತು ದಿನ ಬಾಕಿ. ಅದೇ ಹಳ್ಳದ ಬದಿಯಲ್ಲಿ ಬೆಳೆದ ಪ್ರಯೋಗಶಾಲೆಯಲ್ಲಿ ಅಮೆರಿಕದ ಮೊದಲ ಕೃತಕ ಉಪಗ್ರಹವಾದ ಎಕ್ಸ್‌ಪ್ಲೋರರ್ ರೂಪುಗೊಂಡು ೧೯೫೮ನೆಯ ಜನವರಿ ೩೧ರಂದು ಮೇಲೇರಿತು. ೧೯೭೭ರಲ್ಲಿ ಹೊರಟ ವಾಯೇಜರ್ ನೌಕೆಗಳೂ ಅಲ್ಲಿಯವೇ.

೬

ಇನ್ನು ಆ ತರುಣರ ಗತಿಯನ್ನು ಹೇಳದೆ ಕಥೆಯನ್ನು ಮುಗಿಸಲಾಗದು. ಪಾರ್ಸನ್ಸನು ೧೯೫೨ನೆಯ ಜೂನ್ ೧೭ರಂದು ತನ್ನ ಮನೆಯ ಪ್ರಯೋಗಶಾಲೆಯಲ್ಲಿ ಸಂಭವಿಸಿದ ಸ್ಫೋಟದಲ್ಲಿ ಮೂವತ್ತೇಳನೆಯ ವಯಸ್ಸಿನಲ್ಲಿ ಮಡಿದನು. ಚಂದ್ರನ ಹಿಂಬದಿಯ ಒಂದು ಕುಳಿಗೆ ಅವನ ಹೆಸರಿದೆ. ಮಲಿನನು ತಾನು ಶೋಧನೆಗೆಂದು ಕಟ್ಟಿದ ಯಂತ್ರವು ಆಯುಧವಾಗುವುದನ್ನು ಕಂಡು ನೊಂದು, ಪ್ಯಾರಿಸಿನ ಯುನೆಸ್ಕೊ ಸಂಸ್ಥೆಗೆ ಹೋದನು. ಅಮೆರಿಕದಲ್ಲಿ ಆಗ ಕಮ್ಯೂನಿಸ್ಟರೆಂಬ ಸಂಶಯದ ಗಾಳಿ ಬೀಸುತ್ತಿತ್ತು. ಅವನ ಮೇಲೆ ಮೊಕದ್ದಮೆಯನ್ನು ಹೂಡಿದರು. ಅವನು ಚಲಿಸುವ ಬೆಳಕಿನ ಚಿತ್ರಗಳನ್ನು ರಚಿಸುವ ಕಲಾವಿದನಾಗಿ, ೧೯೬೮ರಲ್ಲಿ ಕಲೆ ಮತ್ತು ವಿಜ್ಞಾನಗಳನ್ನು ಬೆಸೆಯುವ ಲಿಯೊನಾರ್ಡೊ ಎಂಬ ಪತ್ರಿಕೆಯನ್ನು ಆರಂಭಿಸಿ, ೧೯೮೧ರಲ್ಲಿ ತೀರಿಕೊಂಡನು.

ಎಲ್ಲಕ್ಕಿಂತ ವಿಚಿತ್ರವಾದುದು ಚಿಯೆನ್ನನ ಕಥೆ. ೧೯೫೦ರಲ್ಲಿ ಅದೇ ಸಂಶಯದಿಂದ ಅವನಿಗೆ ರಹಸ್ಯ ಕಾರ್ಯಗಳ ಅನುಮತಿಯನ್ನು ರದ್ದುಮಾಡಿದರು. ಚೀನಕ್ಕೆ ಮರಳಲು ಹೊರಟವನನ್ನು ತಡೆದು ಐದು ವರ್ಷ ಕಾವಲಿನಲ್ಲಿಟ್ಟು, ೧೯೫೫ರಲ್ಲಿ ಹೊರಗೆ ಕಳುಹಿಸಿದರು. ಅವನು ಚೀನದ ರಾಕೆಟ್ ವಿದ್ಯೆಗೆ ಪಿತಾಮಹನಾದನು. ೧೯೭೦ನೆಯ ಏಪ್ರಿಲ್ ೨೪ರಂದು ಆ ದೇಶದ ಮೊದಲ ಉಪಗ್ರಹ ಮೇಲೇರಿತು. ಅವನು ತೀರಿಕೊಂಡುದು ೨೦೦೯ನೆಯ ಅಕ್ಟೋಬರ್ ೩೧ರಂದು. ಅದು ಒಣಹಳ್ಳದ ಮೊದಲ ಪ್ರಯೋಗ ನಡೆದ ತಾರೀಖೇ ಆಗಿರುವುದು ಕಾಕತಾಳೀಯ. ಯಾರನ್ನು ಹೊರಗಿನವನೆಂದು ಶಂಕಿಸಿದರೋ ಅವನನ್ನು ಆ ಶಂಕೆಯೇ ಹೊರಗಿನವನನ್ನಾಗಿ ಮಾಡಿತು. ಗಡಿಗಳ ಸಮೀಪದಲ್ಲಿ ಬಾಳುವ ನಾವು ಈ ಮಾತನ್ನು ಬೇರೆಯವರಿಗಿಂತ ಬೇಗ ಅರ್ಥಮಾಡಿಕೊಳ್ಳಬಲ್ಲೆವು.

ಈ ಚರಿತ್ರೆಯಿಂದ ಕಲಿಯತಕ್ಕುದು ಹಲವುಂಟು. ಪದವಿಯುಳ್ಳವನೂ ಇಲ್ಲದವನೂ ಒಂದೇ ಮರಳುಚೀಲದ ಹಿಂದೆ ಕುಳಿತರು. ಹಂಗೇರಿಯ ಗುರುವೂ ಚೀನದ ಶಿಷ್ಯನೂ ಒಂದೇ ಲೆಕ್ಕವನ್ನು ಮಾಡಿದರು. ಕೆಟ್ಟುಹೋದ ಪ್ರಯೋಗವನ್ನೂ ಬರೆದಿಟ್ಟರು. ಆದರೆ ಉಪಾಧ್ಯಾಯನಾದವನ ಮನಸ್ಸು ಮತ್ತೆ ಮತ್ತೆ ಹೋಗಿ ನಿಲ್ಲುವುದು ಹನ್ನೆರಡು ವರ್ಷದ ಹುಡುಗನ ಕೈಯಲ್ಲಿದ್ದ ಆ ಚೆಕ್ ಪುಸ್ತಕದ ಬಳಿ. ಚೆಕ್ ಭಾಷೆಯನ್ನಾಡುವವರ ಸಂಖ್ಯೆ ಕನ್ನಡಿಗರಿಗಿಂತ ಬಹಳ ಕಡಿಮೆ. ಆದರೂ ಯಾರೋ ಒಬ್ಬರು ಕುಳಿತು ಆ ಕಾದಂಬರಿಯನ್ನು ತಮ್ಮ ನುಡಿಗೆ ತಂದಿದ್ದರು. ಆದುದರಿಂದ ಅದು ಆ ಹುಡುಗನಿಗೆ ತನ್ನ ಹೆತ್ತವರ ಮಾತಿನಲ್ಲಿಯೇ ದೊರೆಯಿತು. ಆ ಅನುವಾದಕರಿಗೆ ತಮ್ಮ ಕೆಲಸದ ಫಲವೇನೆಂದು ತಿಳಿದಿರಲಾರದು. ಗಡಿಯಾಚೆಯ ನಮ್ಮ ಕನ್ನಡ ಶಾಲೆಗಳ ಕಪಾಟುಗಳಲ್ಲಿ ವಿಜ್ಞಾನದ ಪುಸ್ತಕಗಳು ಎಷ್ಟಿವೆಯೆಂದು ನಾವು ಒಮ್ಮೆ ಎಣಿಸಿ ನೋಡುವುದು ಒಳಿತು. ಎಣಿಸಿದ ಮೇಲೆ, ಸಂಘದ ಸದಸ್ಯರಲ್ಲಿ ಬಲ್ಲವರು ವರ್ಷಕ್ಕೊಂದು ಚಿಕ್ಕ ಪುಸ್ತಕವನ್ನಾದರೂ ಮಕ್ಕಳಿಗೆಂದು ಕನ್ನಡದಲ್ಲಿ ಬರೆಯುವುದು, ಇಲ್ಲವೆ ಕನ್ನಡಕ್ಕೆ ತರುವುದು ಇನ್ನೂ ಒಳಿತು. ಅದನ್ನು ಯಾವ ಊರಿನ ಯಾವ ಮಗು ಓದುವುದೋ, ಓದಿ ಏನನ್ನು ಕಟ್ಟುವುದೋ, ಹೇಳಬಲ್ಲವರಾರು?